ಅಪ್ಪನ ಬಾಯಿಗೆ ನೀನು ಇಟ್ಟ ಮಾತು

ಮನೆಯಿಂದ,
ರಜೆಯ ಎರಡನೇ ವಾರ, ಬುಧವಾರ ಬೆಳಿಗ್ಗೆ

ನನ್ನ ಗುಂಡನಿಗೆ,

ಅಮ್ಮನ ಆಶೀರ್ವಾದ. ಅದು ಯಾವತ್ತೂ ಇದ್ದೇ ಇರುತ್ತದೆ, ಅದಕ್ಕೂ ನನ್ನ ಈಗಿನ ಕೋಪಕ್ಕೂ ಸಂಬಂಧವಿಲ್ಲ. ಆಮೇಲೆ ಮರೆತುಹೋದೀತು ಎಂದು ಮೊದಲೇ ಬರೆದು ಮುಗಿಸಿದ್ದೇನೆ.

ಭಾನುವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ. ಮೆಸೇಜಿಗೂ ಉತ್ತರ ಕೊಡಲಿಲ್ಲ. 'ತಡವಾದದ್ದಕ್ಕೆ ವಿಷಾದಿಸುತ್ತೇವೆ' ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ನಿವೃತ್ತಿಯಾಗುವ ತನಕ ಹೇಳಿದವಳು ನಾನು. ನಾನು ಓಡಿಸದ ಬಸ್ಸು, ನಾನು ಮಾಡದ ತಡ, ಆದರೂ ದಿನವಿಡೀ ಊರವರಿಗೆಲ್ಲ ವಿಷಾದ ಹಂಚಿದೆ. ಈ ಪತ್ರ ತಡವಾದದ್ದು ಮಾತ್ರ ನನ್ನಿಂದಲೇ, ಬೇಕೆಂದೇ. ಅದಕ್ಕೆ ಯಾವ ವಿಷಾದವೂ ಇಲ್ಲ.

ಮಂಡಿನೋವು ಪರವಾಗಿಲ್ಲ. ಮಾತ್ರೆ ತಪ್ಪಿಸಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಪ್ಲಂಬರ್ ಬಂದು ವಾಷರ್ ಬದಲಾಯಿಸಿ ಹೋದ. ನೀನು ಕಳಿಸಿದ ಹೊಸ ಟಿವಿ ಗೋಡೆಯ ಅರ್ಧಕ್ಕೂ ಹೆಚ್ಚು ನುಂಗಿದೆ, ಅಷ್ಟು ದೊಡ್ಡದು ಬೇಕಿರಲಿಲ್ಲ. ಪುಟ್ಟಿ ಚೆನ್ನಾಗಿ ಉಂಡುಕೊಂಡು, ಇಡೀ ಮನೆಯನ್ನು ತಲೆಕೆಳಗು ಮಾಡಿಕೊಂಡು ಆರಾಮಾಗಿದ್ದಾಳೆ. ಅವಳಮ್ಮನಿಗೆ ಹೇಳು, ರಜೆ ಮುಗಿಯುವ ತನಕ ಇಲ್ಲೇ ಇರಲಿ. ಮೊಮ್ಮಗಳ ಮೇಲೆ ನನಗೆ ಕೋಪವಿಲ್ಲ. ಸುದ್ದಿ ಇಷ್ಟೇ, ಇನ್ನು ಮುಂದೆ ಬೈಗುಳ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನನ್ನು ನಗಿಸಿಬಿಡುತ್ತೀಯ. ಮೂಗಿಗೆ ತುಪ್ಪ ಸವರುವುದರಲ್ಲಿ ನೀನು ಅಪ್ಪಟ ನಿಮ್ಮಪ್ಪನ ಮಗ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ. ಕೂತು ಪೂರ್ತಿ ಓದು. ಮಧ್ಯದಲ್ಲಿ ಚಹಾ ಮಾಡಿಕೊಳ್ಳುತ್ತೇನೆ ಎಂದು ಎದ್ದು ಹೋಗಬೇಡ.

ನಿನ್ನ ಕಾರ್ಟೂನಿನ ರಜೆಯ ವಿಶೇಷ ಕಂತನ್ನು ಶನಿವಾರ ಸಂಜೆ ಟಿವಿಯಲ್ಲಿ ನೋಡಿದೆ. ಪುಟ್ಟಿ ನನ್ನ ಮಡಿಲಿಗೆ ಕಾಲು ಚಾಚಿ ಕೂತಿದ್ದಳು. ಪಕ್ಕದ ಮನೆಯ ಟೈಲರಮ್ಮನೂ ಗುಂಡಿ ಹೊಲಿಯುವ ಕೆಲಸ ಹಿಡಿದುಕೊಂಡು ಬಂದಿದ್ದರು. ಮೊದಲರ್ಧ ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಕುಟುಂಬವೆಲ್ಲ ನಾಯಿಯ ಸಮೇತ ಆ ಡಕೋಟ ಕಾರಿನಲ್ಲಿ ರಜೆಗೆ ಹೊರಡುವುದು, ಹಿಂದಿನ ಸೀಟಿನ ಮಕ್ಕಳು ಜಗಳ ಆಡುತ್ತ ಕಾರಿನ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವುದು, ಸುರಂಗದೊಳಕ್ಕೆ ಹೊಕ್ಕ ಕಾರು ಆಚೆ ಬರುವಾಗ ಬೇರೆಯೇ ಕಾಲ. ಆ ಬೆಟ್ಟದಂಥ ಹಲ್ಲಿ ಬಂದು ಮುಂದಿನ ಗಾಜನ್ನು ನೆಕ್ಕಿದಾಗ ಅಪ್ಪ, 'ಹಿಂದಿನ ಗಾಜನ್ನೂ ಒಂಚೂರು ಒರೆಸಪ್ಪ' ಎನ್ನುತ್ತಾನಲ್ಲ, ಟೈಲರಮ್ಮ ನಗುವ ಭರದಲ್ಲಿ ಸೂಜಿ ಕಳೆದುಕೊಂಡರು. ಇನ್ನೂ ಸಿಕ್ಕಿಲ್ಲ. ಬರಿಗಾಲಲ್ಲಿ ಓಡಾಡಬೇಡ ಎಂದು ಪುಟ್ಟಿಗೆ ದಿನಾ ಹೇಳುತ್ತಿದ್ದೇನೆ.

ನಿಮ್ಮಪ್ಪ ಹೋಗಿ ವರ್ಷವಾಗುತ್ತ ಬಂತು. ಆ ಕಾರ್ಟೂನಿನ ಅಪ್ಪನಿಗೆ ಮೊದಲಿನಿಂದ ಕೊನೆಯ ತನಕ ಅವರದೇ ದನಿ. ಅವರು ಇಲ್ಲದ ಮೇಲೂ ಈ ಒಂದು ಕಂತು ಅವರ ದನಿಯಲ್ಲೇ ಇರಲಿ, ಹಳೆಯ ರೆಕಾರ್ಡಿಂಗ್ ಬೇಕಾದಷ್ಟಿದೆ, ಅಲ್ಲೊಂದು ಇಲ್ಲೊಂದು ಮಾತು ತೆಗೆದು ಜೋಡಿಸುತ್ತೇನೆ ಎಂದು ನೀನು ಕೇಳಿದಾಗ ನಾನೇ ಹೂಂ ಅಂದಿದ್ದೆ. ಜನರನ್ನು ನಗಿಸಿದರೆ ಅವರಿಗೂ ಸಂತೋಷವೇ ಎಂದುಕೊಂಡೆ. 'ಒರೆಸಪ್ಪ' ಎಂಬ ಮಾತು ಹೋಟೆಲಿನ ಕಂತಿನದು ಎಂದು ನನಗೆ ಕೇಳಿದೊಡನೆ ತಿಳಿಯಿತು, ಆದರೂ ಮನಸ್ಸಿಗೆ ಹಿತವಾಗಿಯೇ ಇತ್ತು. ಅವರ ಬಾಯಲ್ಲಿ ಏನು ಹೇಳಿಸುತ್ತೀಯ ಎಂದು ನಾನು ಕೇಳಲಿಲ್ಲ. ನೀನೂ ಹೇಳಲಿಲ್ಲ.

ಮೂರನೆಯ ಸುರಂಗ ದಾಟಿ ಕಾರು ನಿಂತಿತು ನೋಡು, ಅಲ್ಲಿಗೆ ನನ್ನ ನಗು ನಿಂತಿತು.

ಸ್ಟುಡಿಯೋದೊಳಗಿನ ಉದ್ದನೆಯ ಓಣಿ. ಅರ್ಧ ಗೋಡೆಗೆ ಹಸಿರು ಬಣ್ಣ, ಮೇಲರ್ಧಕ್ಕೆ ಸುಣ್ಣ. ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಕೊಟ್ಟ ಬೆಂಚು. ಕೊನೆಯಲ್ಲಿ ದಪ್ಪ ಬಾಗಿಲು, ಅದರಲ್ಲಿ ಅಂಗೈಯಗಲದ ಗಾಜು, ಮೇಲೆ ಉರಿಯುತ್ತಿರುವ ಕೆಂಪು ದೀಪ. ಬೆಂಚಿನ ಮೇಲೆ ಮಳೆಕೋಟು ಹಾಕಿಕೊಂಡ ಹೆಂಗಸು, ಅವಳ ಪಕ್ಕದಲ್ಲಿ ಕಾಲು ನೆಲಕ್ಕೆ ಎಟುಕದ ಮಗು. ಗುಂಡ, ನಿನಗೆ ಆಗ ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಬೆಂಚಿನ ರಟ್ಟು ಕೂಡ ನೆನಪಿಟ್ಟುಕೊಂಡಿದ್ದೀಯ. ಅಷ್ಟು ಚೆನ್ನಾಗಿ ಬರೆದಿದ್ದೀಯ ಎಂದು ಬೆನ್ನು ತಟ್ಟಬೇಕೋ ಕಪಾಳಕ್ಕೆ ಹೊಡೆಯಬೇಕೋ ಆ ಗಳಿಗೆಯಲ್ಲಿ ನನಗೆ ಗೊತ್ತಾಗಲಿಲ್ಲ. ಈಗ ಗೊತ್ತಾಗಿದೆ.

ಕಾರ್ಟೂನಿನ ಅಪ್ಪ ಕಾರಿನಿಂದಿಳಿದು, ತಲೆ ತಗ್ಗಿಸಿಕೊಂಡು ಆ ಓಣಿಯಲ್ಲಿ ನಡೆದು ಬಂದು, ಬೆಂಚಿನ ಮುಂದೆ ನಿಂತು, ನನ್ನ ಗಂಡನ ದನಿಯಲ್ಲಿ ಹೇಳಿದ: "ಅವತ್ತು ನಿನ್ನ ಕೇಳ್ದೆ ಮಾಡಿದ್ದು ತಪ್ಪು. ಕ್ಷಮಿಸು ಕಣೇ."

ಮಳೆಕೋಟಿನ ಹೆಂಗಸು ಕಣ್ಣೊರೆಸಿಕೊಂಡು ನಕ್ಕಳು. "ಅಯ್ಯೋ ಬಿಡಿ, ಆಗಿದ್ದು ಆಯ್ತು" ಅಂದಳು. ನಾಯಿ ಬಾಲ ಅಲ್ಲಾಡಿಸಿತು. ಎಲ್ಲರೂ ಕಾರು ಹತ್ತಿ ವರ್ತಮಾನಕ್ಕೆ ಬಂದು ಸಮುದ್ರದಲ್ಲಿ ಈಜಿದರು. ಸುಖಾಂತ.

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಿಮ್ಮ ಯಜಮಾನರು ದೇವರಂಥವರು, ಹೋಗುವ ಮುಂಚೆ ಎಂಥ ಮಾತು ಹೇಳಿ ಹೋದರು ಎಂದರು. ಅವರಿಗೇನು ಗೊತ್ತು, ಸಾಯುವ ಮುಂಚೆ ರೆಕಾರ್ಡ್ ಮಾಡಿದ್ದು ಎಂದುಕೊಂಡಿದ್ದಾರೆ. ಸೋಮವಾರ ಔಷಧಿ ಅಂಗಡಿಯವನೂ ಅದನ್ನೇ ಅಂದ. ಬಸ್ ನಿಲ್ದಾಣದಲ್ಲಿ ನನ್ನ ಜೊತೆ ಕೆಲಸ ಮಾಡಿದವಳು ಫೋನ್ ಮಾಡಿ, ನಿನ್ನ ಗಂಡನ ಬಗ್ಗೆ ನಾನು ಏನೇನೋ ಅಂದುಕೊಂಡಿದ್ದೆ, ಪಾಪ ಎಂದಳು. ಪಾಪವಂತೆ. ಬದುಕಿದ್ದಷ್ಟು ದಿನ ಊರಿಗೆ ಉಪಕಾರಿ ಮನೆಗೆ ಮಾರಿ ಆಗಿದ್ದವರು ಸತ್ತ ಮೇಲೆ ಮನೆಗೂ ಉಪಕಾರಿಯಾಗಿಬಿಟ್ಟರು, ಅದೂ ಮಗನ ಖರ್ಚಿನಲ್ಲಿ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಪುಟ್ಟಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಅಜ್ಜೀ, ತಾತ ಸಾರಿ ಕೇಳ್ದಾಗ ನೀನೂ ಹಂಗೇ ನಕ್ಕಿದ್ಯಾ?" ಎಂದು ಕೇಳಿತು. ಆ ಮಗುವಿಗೆ ನಾನೇನು ಹೇಳಬೇಕು, ನೀನೇ ಹೇಳು. ನಿನ್ನ ತಾತ ಕೇಳಲೇ ಇಲ್ಲ ಎಂದು ಹೇಳಿ ಅದರ ರಜೆ ಹಾಳು ಮಾಡಲೇ? ಹೂಂ ನಕ್ಕೆ ಎಂದು ಸುಳ್ಳು ಹೇಳಲೇ? ತಟ್ಟೆ ತೊಳೆಯಬೇಕು ಎಂದು ಎದ್ದು ಒಳಗೆ ಹೋದೆ. ತೊಳೆಯಲು ಒಂದು ತಟ್ಟೆಯೂ ಇರಲಿಲ್ಲ.

ನಿನಗೆ ಆ ಓಣಿ ನೆನಪಿದೆ, ಆದರೆ ಬಾಗಿಲಿನ ಗಾಜು ನಿನ್ನ ಎತ್ತರಕ್ಕೆ ಸಿಗುತ್ತಿರಲಿಲ್ಲ. ಅದರೊಳಗೆ ಕಂಡದ್ದನ್ನು ನಾನು ಹೇಳುತ್ತೇನೆ, ಕೇಳು.

ಈಗ ಎಲ್ಲರೂ ಮರೆತಿದ್ದಾರೆ, ಆ ಕಾರ್ಟೂನು ಶುರುವಾದಾಗ ಅಪ್ಪನ ಪಾತ್ರಕ್ಕೆ ನಿಮ್ಮಪ್ಪ, ಅಮ್ಮನ ಪಾತ್ರಕ್ಕೆ ನಾನು. ನಮ್ಮ ಕಸುಬಿನಲ್ಲಿ ಮೊದಲು ದನಿ, ಆಮೇಲೆ ಚಿತ್ರ. ನಾವು ಮೈಕಿನ ಮುಂದೆ ಮಾತಾಡಿ ಮನೆಗೆ ಹೋದ ಮೇಲೆ ಚಿತ್ರ ಬರೆಯುವವರು ಆ ಮಾತನ್ನು ಕೇಳಿಕೊಂಡು ಬಾಯಿ ಬರೆಯುತ್ತಾರೆ. ಆ ಅಮ್ಮ ಮಾತು ಶುರುಮಾಡುವ ಮುಂಚೆ ತುಟಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತಾಳಲ್ಲ, ಅದು ನಾನು ಉಸಿರು ತೆಗೆದುಕೊಳ್ಳುವ ರೀತಿ. ಅವಳಿಗೆ ಬಾಯಿ ಕೊಟ್ಟವಳು ನಾನು. ಆ ಕೆಲಸ ಸಿಕ್ಕಿದ ದಿನ ನಾನು ಸ್ಟುಡಿಯೋದಿಂದ ಮನೆಯ ತನಕ ಬಸ್ಸು ಹತ್ತದೆ ನಡೆದುಕೊಂಡೇ ಬಂದೆ. ಅಷ್ಟು ಹೊತ್ತು ಆ ಖುಷಿಯನ್ನು ಯಾರ ಜೊತೆಗೂ ಹಂಚಿಕೊಳ್ಳುವುದು ಬೇಡ ಅನಿಸಿತ್ತು.

ಕೆಲವೇ ಕಂತು ಮಾಡಿದೆ. ಒಂದು ದಿನ, ಈ ವಾರ ರೆಕಾರ್ಡಿಂಗ್ ಇಲ್ಲ, ಬೇರೆ ಕೆಲಸವಿದೆ ಎಂದು ಹೇಳಿ ನಿಮ್ಮಪ್ಪ ಸ್ಟುಡಿಯೋಗೆ ಹೋದರು. ಊಟದ ಡಬ್ಬಿ ಮರೆತಿದ್ದರು. ನಿನ್ನನ್ನು ಕರೆದುಕೊಂಡು, ಮಳೆಯಲ್ಲಿ, ಡಬ್ಬಿ ಕೊಡಲು ಹೋದೆ. ಕೆಂಪು ದೀಪ ಉರಿಯುತ್ತಿತ್ತು. ರೆಕಾರ್ಡಿಂಗ್ ಇಲ್ಲದ ವಾರದಲ್ಲಿ ದೀಪ ಯಾಕೆ ಉರಿಯುತ್ತಿದೆ ಎಂದು ಗಾಜಿನಲ್ಲಿ ಇಣುಕಿದೆ. ನನ್ನ ಮೈಕಿನ ಮುಂದೆ ಬೇರೆ ಹೆಂಗಸು. ನನ್ನ ಸ್ಟೂಲನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ನಿಮ್ಮಪ್ಪ, ಅವಳ ಹಾಳೆಯ ಮೇಲೆ ಬೆರಳಿಟ್ಟು, ಎಲ್ಲಿ ನಿಲ್ಲಿಸಬೇಕು ಎಲ್ಲಿ ಎಳೆಯಬೇಕು ಎಂದು ಹೇಳಿಕೊಡುತ್ತಿದ್ದಾರೆ. ಸಂಜೆ ಹೊತ್ತಿನ ಕೆಲಸ ನನಗೆ ಆಗುವುದಿಲ್ಲ, ಮನೆ ಇದೆ, ಮಗು ಇದೆ, ನಾನೇ ಬೇಡ ಅಂದಿದ್ದೇನೆ ಎಂದು ಅವರೇ ಹೋಗಿ ಹೇಳಿ ಬಂದಿದ್ದರಂತೆ. ನಾನು ಬೇಡ ಅಂದದ್ದು ನನಗೇ ಗೊತ್ತಿರಲಿಲ್ಲ.

ದೀಪ ಆರುವ ತನಕ ಆ ಬೆಂಚಿನ ಮೇಲೆ ಕೂತಿದ್ದೆ. ದೀಪ ಉರಿಯುವಾಗ ಬಾಗಿಲು ತೆಗೆಯಬಾರದು, ಸದ್ದು ಒಳಗೆ ಹೋಗುತ್ತದೆ. ನೋಡು ನನ್ನ ಬುದ್ಧಿ, ನನ್ನ ಜಾಗ ಕಿತ್ತುಕೊಳ್ಳುತ್ತಿದ್ದಾರೆ, ನಾನು ಅವರ ರೆಕಾರ್ಡಿಂಗ್ ಕೆಡಬಾರದು ಎಂದು ಉಸಿರು ಬಿಗಿಹಿಡಿದು ಕೂತಿದ್ದೇನೆ. ಹೊರಗೆ ಬಂದವರು ನನ್ನನ್ನು ನೋಡಿ, "ನೀನ್ಯಾಕೆ ಬಂದೆ? ಮನೇಲಿ ಹೇಳೋಣ ಅಂತಿದ್ದೆ" ಅಂದರು. ಡಬ್ಬಿ ತೆಗೆದುಕೊಂಡರು. ಮನೆಯಲ್ಲಿ ಯಾವತ್ತೂ ಹೇಳಲಿಲ್ಲ.

ಇನ್ನೊಂದು ವಿಷಯ, ಇದನ್ನು ಓದಿ ನೀನು ನಗುತ್ತೀಯ, ನಗು, ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಮೊದಲ ಕಂತುಗಳ ರೆಕಾರ್ಡಿಂಗ್ ಆದ ವಾರ ನನಗೆ ವಿಪರೀತ ನೆಗಡಿ. ಮೂಗು ಕಟ್ಟಿಕೊಂಡು 'ಮಗನೇ' ಎಂದರೆ 'ಬಗನೇ' ಎಂದು ಕೇಳುತ್ತಿತ್ತು. ನನ್ನ ಜಾಗಕ್ಕೆ ಬಂದಾಕೆಗೆ ಆ ಟೇಪು ಕೊಟ್ಟು, ಪ್ರೇಕ್ಷಕರಿಗೆ ವ್ಯತ್ಯಾಸ ಗೊತ್ತಾಗಬಾರದು, ಇದೇ ಥರ ಮಾತಾಡಿ ಎಂದರಂತೆ. ಪಾಪ ಆಕೆ ಶ್ರದ್ಧೆಯಿಂದ ನೆಗಡಿಯನ್ನೂ ಸೇರಿಸಿ ಕಲಿತಳು. ನನ್ನ ಹೆಂಡತಿಯ ದನಿ ಹಾಗಲ್ಲ, ಅದು ನೆಗಡಿ ಎಂದು ನಿಮ್ಮಪ್ಪ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನನ್ನ ಹೆಸರು ಎತ್ತಬೇಕಾಗುತ್ತಿತ್ತಲ್ಲ, ಸುಮ್ಮನಿದ್ದರು. ನನ್ನ ಒಂದು ವಾರದ ನೆಗಡಿಯನ್ನು ಆಕೆ ಇವತ್ತಿನವರೆಗೂ ಸಾಕಿಕೊಂಡು ಬಂದಿದ್ದಾಳೆ. ಬೀದಿಯ ಮಕ್ಕಳು ಮೂಗು ಹಿಡಿದುಕೊಂಡು ಆ ಅಮ್ಮನ ಅಣಕ ಮಾಡುತ್ತಾರೆ, ಪುಟ್ಟಿಯೂ ಮಾಡುತ್ತಾಳೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಕೊಟ್ಟರು, ಮಾಡಿದಳು.

ಆದರೆ ನಿನ್ನ ಮೇಲೆ ಇದೆ. ನನ್ನ ಗಂಡ ನನ್ನ ಕ್ಷಮೆ ಕೇಳುತ್ತಾರೆ, 'ಬಿಡಿ, ಆಗಿದ್ದು ಆಯ್ತು' ಎಂದು ಕ್ಷಮಿಸುವವಳು ಅವಳು. ನನ್ನ ಮಳೆಕೋಟು ಹಾಕಿಕೊಂಡು, ನನ್ನ ಬೆಂಚಿನ ಮೇಲೆ ಕೂತು, ನನ್ನ ನೆಗಡಿಯಲ್ಲಿ ಕ್ಷಮಿಸುತ್ತಾಳೆ. ಅಲ್ಲವೋ, ಕ್ಷಮಿಸಬೇಕಾದವಳು ನಾನಿನ್ನೂ ಬದುಕಿದ್ದೇನೆ, ಬಸ್ಸಿನಲ್ಲಿ ಬಂದರೆ ನಿನ್ನ ಸ್ಟುಡಿಯೋದಿಂದ ಅರ್ಧ ದಿನದ ದಾರಿ. ಒಂದು ಮಾತು ಕೇಳಬೇಕು ಎಂದು ಅನಿಸಲಿಲ್ಲವೇ? ಅವತ್ತು ನಿಮ್ಮಪ್ಪ ನನ್ನನ್ನು ಕೇಳದೆ ನನ್ನ ಪರವಾಗಿ 'ಬೇಡ' ಅಂದು ಬಂದರು. ನೀನು ನನ್ನನ್ನು ಕೇಳದೆ ನನ್ನ ಪರವಾಗಿ 'ಬಿಡಿ' ಅಂದೆ. ಏನು ವ್ಯತ್ಯಾಸ?

ಶನಿವಾರ ಕಂತು ಮುಗಿದ ತಕ್ಷಣ ಫೋನ್ ಮಾಡಿದೆಯಲ್ಲ, ಅದೊಂದನ್ನು ಎತ್ತಿದ್ದೆ. ನಿನ್ನ ದನಿಯಲ್ಲಿ ಎಂಥ ಹುರುಪು. "ನಿನಗೋಸ್ಕರ ಮಾಡಿದ್ದು ಅಮ್ಮ. ಅಪ್ಪನಿಗೆ ಹೇಳೋಕಾಗ್ಲಿಲ್ಲ, ಅದಕ್ಕೆ ನಾನು ಹೇಳಿಸ್ದೆ" ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ನಾನು ಅಳುತ್ತಿದ್ದೇನೆ ಎಂದು ನೀನು ಅಂದುಕೊಂಡೆಯಂತೆ, ಸೊಸೆ ಆಮೇಲೆ ಮೆಸೇಜಿನಲ್ಲಿ ಬರೆದಿದ್ದಳು. ಅಳಲಿಲ್ಲ ಗುಂಡ. ಮೈಯೆಲ್ಲ ಉರಿದುಹೋಗಿತ್ತು.

ಹೇಳೋಕಾಗಲಿಲ್ಲ ಅಂದೆಯಲ್ಲ, ಅದು ಸುಳ್ಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲಿ, ನೀನು ಡಾಕ್ಟರ ಹತ್ತಿರ ಮಾತಾಡಲು ಹೋಗಿದ್ದಾಗ ನಾನು ಬಾಯಿಬಿಟ್ಟು ಕೇಳಿದೆ. ಅಷ್ಟು ವರ್ಷ ಜಗಳದಲ್ಲಿ ಕೇಳುತ್ತಿದ್ದೆ, ಆಗೆಲ್ಲ, ಆಗಿದ್ದು ಆಯ್ತು, ಅದನ್ನೇ ಎಷ್ಟು ದಿನ ಅಗಿಯುತ್ತೀಯ ಎಂದು ಬಾಯಿ ಮುಚ್ಚಿಸುತ್ತಿದ್ದರು. ಆ ದಿನ ಜಗಳವಿರಲಿಲ್ಲ. ಅವರ ಕೈ ನನ್ನ ಕೈಯಲ್ಲೇ ಇತ್ತು. "ಅವತ್ತಿಂದು ತಪ್ಪು ಅಂತ ಒಂದ್ಸಲ ಹೇಳ್ಬಿಡಿ, ಸಾಕು. ಬೇರೇನೂ ಬೇಡ" ಅಂದೆ. ಅವರಿಗೆ ಕೇಳಿಸಿತು, ಅರ್ಥವೂ ಆಯಿತು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಫ್ಯಾನು ಸ್ವಲ್ಪ ಕಮ್ಮಿ ಮಾಡು" ಅಂದರು.

ಎದ್ದು ಕಮ್ಮಿ ಮಾಡಿದೆ.

ಅದು ಅವರ ಉತ್ತರ. ನನಗೆ ಇಷ್ಟವಾಗದ ಉತ್ತರ, ಆದರೆ ಅವರದೇ ಬಾಯಿಂದ, ಅವರದೇ ಮನಸ್ಸಿನಿಂದ ಬಂದದ್ದು. ಅದರ ಜೊತೆ ನಾನು ಈ ಒಂದು ವರ್ಷ ಏಗುತ್ತಿದ್ದೇನೆ. ಒಂದೊಂದು ದಿನ ಅವರ ಫೋಟೋ ಕಡೆ ನೋಡುವುದೇ ಇಲ್ಲ, ಒಂದೊಂದು ದಿನ ಹೋಗಲಿ ಮೊಂಡ ಗಂಡಸು ಎಂದು ಧೂಳು ಒರೆಸುತ್ತೇನೆ. ಬೈಯುವುದೋ ಬಿಡುವುದೋ ನಮ್ಮಿಬ್ಬರಿಗೆ ಬಿಟ್ಟದ್ದು. ನೀನು ಕತ್ತರಿ ಹಿಡಿದು ಮಧ್ಯ ಬಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ, ನೀನೋ, ಕೋಟೆ ಸೂರೆ ಹೋಗಲೇ ಇಲ್ಲ ಎಂದು ಚಿತ್ರ ಬರೆದು ತೋರಿಸಿದ್ದೀಯ. ನಾಳೆ ನಾನೂ ಹೋದ ಮೇಲೆ ಪುಟ್ಟಿಯ ತಲೆಯಲ್ಲಿ ಉಳಿಯುವುದು ನಿನ್ನ ಚಿತ್ರ. ನಮ್ಮ ತಾತ ಕಾಲವನ್ನೇ ದಾಟಿ ಬಂದು ಕ್ಷಮೆ ಕೇಳಿದರು, ನಮ್ಮ ಅಜ್ಜಿ ನಕ್ಕುಬಿಟ್ಟಳು. ಅಷ್ಟೇ ಆಗಿದ್ದರೆ ನಾನು ಅಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದು ಯಾತಕ್ಕೆ? ನನ್ನ ಸಿಟ್ಟು ನನ್ನ ಸ್ವಂತದ್ದು. ಅದನ್ನು ಯಾರಿಗೂ ಹೊರೆ ಮಾಡದೆ, ಕೆಲಸಕ್ಕೆ ಹೋಗಿ, ನಿನ್ನನ್ನು ಓದಿಸಿ, ಅವರ ಅಂಗಿಗೆ ಇಸ್ತ್ರಿ ಹಾಕಿ, ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದನ್ನೂ ಕಿತ್ತುಕೊಂಡರೆ ಹೇಗೆ?

ನಿನ್ನ ಮನಸ್ಸು ಒಳ್ಳೆಯದು ಎಂದು ಗೊತ್ತು. ಅದೇ ಕಷ್ಟ. ಕೆಟ್ಟ ಮನಸ್ಸಿನವರಾಗಿದ್ದರೆ ಒಂದು ಸಲ ಉಗಿದು ಸುಮ್ಮನಾಗುತ್ತಿದ್ದೆ, ಇಷ್ಟು ಹಾಳೆ ಖರ್ಚಾಗುತ್ತಿರಲಿಲ್ಲ.

ಈಗ ಸೊಸೆ ಬರೆದದ್ದಕ್ಕೆ ಉತ್ತರ. ರಜೆಯ ಕೊನೆಯ ದಿನ ಈ ಕಂತನ್ನು ಮತ್ತೆ ಹಾಕುತ್ತಾರಂತೆ. ಜನ ಮೆಚ್ಚಿದ್ದಾರೆ, ಮುಂದಿನ ರಜೆಗೂ ಅವರ ದನಿಯಲ್ಲೇ ಇನ್ನೊಂದು ಬೇಕು, ಅದಕ್ಕೆ ಹೆಂಡತಿಯಾದ ನಾನು ಒಪ್ಪಬೇಕು ಎಂದು ಚಾನೆಲ್ಲಿನವರು ಹೇಳಿದ್ದಾರಂತೆ. ಈಗ ನನ್ನ ಒಪ್ಪಿಗೆ ಎಲ್ಲರಿಗೂ ಬೇಕಾಗಿದೆ.

ಮತ್ತೆ ಹಾಕುವ ಮುಂಚೆ ಆ ಮಾತು ತೆಗೆ. ಅದಕ್ಕೆ ಕೊಟ್ಟ 'ಬಿಡಿ'ಯನ್ನೂ ತೆಗೆ. ಓಣಿ ಇರಲಿ, ಬೆಂಚು ಇರಲಿ, ಮಳೆಕೋಟಿನ ಹೆಂಗಸು ಮಗುವಿನ ಕೈ ಹಿಡಿದುಕೊಂಡು ಎದ್ದು ಹೋಗಲಿ. ಕಾರ್ಟೂನಿನ ಅಪ್ಪ ಬಾಯಿ ತೆರೆದು ನಿಂತಿರಲಿ, ದನಿ ಬರುವುದು ಬೇಡ. ಮಕ್ಕಳಿಗೆ ಅರ್ಥವಾಗುವುದಿಲ್ಲ ಅನ್ನಬೇಡ. ನೀನು ಅವತ್ತು ಅಷ್ಟು ಚಿಕ್ಕವನು, ನಿನಗೆ ಅರ್ಥವಾಗಿತ್ತು. ಬಾಗಿಲು ತೆರೆದಾಗ ಕಂಡಿತ್ತೇನೋ, ಬಸ್ಸಿನಲ್ಲಿ ಕೂತು, ಅಮ್ಮ ನಿನ್ನ ಸ್ಟೂಲಲ್ಲಿ ಯಾರು ಕೂತಿದ್ರು ಎಂದು ನೀನೇ ಕೇಳಿದ್ದೆ.

ಮುಂದಿನ ರಜೆಗೆ ಅವರ ದನಿ ಬೇಕಾದರೆ ತೆಗೆದುಕೋ. ಅವರ ಸೀನು, ಗೊರಕೆ, ಹಲ್ಲಿಯ ಜೊತೆ ಚೌಕಾಶಿ, ದಾರಿ ತಪ್ಪಿ ತಪ್ಪಿಲ್ಲ ಎಂದು ವಾದಿಸುವುದು, ಯಾವುದಾದರೂ ಸರಿ. ಡೈನೋಸಾರಿಗೆ ಬೇಕಾದರೆ ಕ್ಷಮೆ ಕೇಳಿಸು. ಆದರೆ ಅವರು ನನಗೆ ಹೇಳದ ಮಾತನ್ನು ನನಗೆ ಹೇಳಿಸಬಾರದು. ಇಷ್ಟಕ್ಕೆ ನೀನು ಒಪ್ಪಿದರೆ ನಾನೂ ಒಪ್ಪುತ್ತೇನೆ. ಇಲ್ಲವಾದರೆ ಚಾನೆಲ್ಲಿನವರಿಗೆ ನಾನೇ ಫೋನ್ ಮಾಡಿ ಬೇಡ ಅನ್ನುತ್ತೇನೆ, ಈ ಸಲ ನನ್ನ ಸ್ವಂತ ಬಾಯಲ್ಲಿ.

ಅಜ್ಜಿಯ ಹೊಸ ಪಾತ್ರ ಹುಟ್ಟಿಸಿ ಅದಕ್ಕೆ ನನ್ನನ್ನೇ ಕರೆಯುವ ಯೋಚನೆ ಇದೆಯಂತೆ. ಅದರ ಮಾತು ಈಗ ಬೇಡ. ಸಮಾಧಾನದ ಬಹುಮಾನಕ್ಕೆ ನಾನು ಬರುವವಳಲ್ಲ. ನಿಜವಾಗಿಯೂ ಕೆಲಸಕ್ಕೆ ಬೇಕಾಗಿದ್ದರೆ ಸ್ಕ್ರಿಪ್ಟು ಕಳಿಸು, ಓದಿ ನೋಡಿ ಹೇಳುತ್ತೇನೆ.

ಪುಟ್ಟಿಯ ಪ್ರಶ್ನೆಗೆ ನಿನ್ನೆ ಉತ್ತರ ಕೊಟ್ಟೆ. ಸಂಜೆ ಅಂಗಡಿಯಿಂದ ಬರುವಾಗ ಮತ್ತೆ ಕೇಳಿದಳು. ಟಿವಿಯಲ್ಲಿ ಬಂದದ್ದು ಕಥೆ, ತಾತ ನಿಜವಾಗಿ ಕೇಳಲಿಲ್ಲ, ಅದಕ್ಕೆ ಅಜ್ಜಿಗೆ ಇನ್ನೂ ಸಿಟ್ಟಿದೆ ಎಂದೆ. "ಸಿಟ್ಟಿದ್ರೂ ತಾತನ ಚಪ್ಪಲಿ ಯಾಕೆ ಬಾಗಿಲಲ್ಲೇ ಇಟ್ಟಿದ್ದೀಯ?" ಎಂದು ಕೇಳಿದಳು. ಚೀಲದಿಂದ ಬಿಸ್ಕತ್ತು ತೆಗೆದು ಕೈಗಿಟ್ಟೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಎಡಿಟಿಂಗ್ ಕೋಣೆಯಲ್ಲಿ ಕೂತು ಕೂತು ಕಣ್ಣು ಹಾಳುಮಾಡಿಕೊಳ್ಳಬೇಡ. ಸೊಸೆಯ ಹತ್ತಿರ ಏನಾದರೂ ತಪ್ಪು ಮಾಡಿದ್ದರೆ ಹೋಗಿ ಹೇಳಿಬಿಡು, ಮೈಕಿಲ್ಲದೆ, ಎದುರಿಗೆ ನಿಂತು. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ನಿನ್ನ ಕೈಗೆ ಇನ್ನೂ ಒಳ್ಳೊಳ್ಳೆಯ ಕೆಲಸ ಸಿಗಲಿ. ಇದು ಕೋಪದಲ್ಲಿ ಹರಸಿದ್ದಾದರೂ ಪೂರ್ತಿ ಮನಸ್ಸಿನಿಂದ ಹರಸಿದ್ದು.

ನಿನ್ನ
ಅಮ್ಮ

ಮತ್ತೆ: ಪತ್ರ ಮಡಚಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲಿನದ್ದೆಲ್ಲ ಅರ್ಧ ಸತ್ಯವಾಗುತ್ತದೆ.

ಆ 'ಕ್ಷಮಿಸು ಕಣೇ' ಎಲ್ಲಿಂದ ತೆಗೆದೆ ಎಂದು ನನಗೆ ಗೊತ್ತು. ರಜೆಗೆ ಹೋಗುವ ಗಡಿಬಿಡಿಯಲ್ಲಿ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಅರ್ಧ ದಾರಿಯಿಂದ ಅಪ್ಪ ಓಡಿ ಬಂದು ಅದರ ಮುಂದೆ ಕೂರುವ ಹಳೆಯ ಕಂತು. ಆ ಮಾತು ಆ ಹೆಣ್ಣು ನಾಯಿಗೆ ಹೇಳಿದ್ದು. ಅದು ನಿನಗೆ ಗೊತ್ತಿದೆ. ನಿನಗೆ ಗೊತ್ತಿಲ್ಲದ್ದು ಏನೆಂದರೆ, ಅದರ ಅಭ್ಯಾಸ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಎದುರಿಗೆ ಯಾರೂ ಇಲ್ಲದೆ ಭಾವ ಬರುತ್ತಿಲ್ಲ, ನೀನು ಸ್ವಲ್ಪ ಹೊತ್ತು ನಾಯಿ ಆಗು ಎಂದು ನನ್ನನ್ನು ನೆಲದ ಮೇಲೆ ಕೂರಿಸಿದರು. ನಾನು ಬಟಾಣಿ ಬಿಡಿಸುತ್ತಿದ್ದೆ. ಅವರೂ ಎದುರಿಗೆ ಕೂತು, ನನ್ನ ಕಣ್ಣನ್ನೇ ನೋಡುತ್ತ, ಕ್ಷಮಿಸು ಕಣೇ, ನಿನ್ನನ್ನು ಬಿಟ್ಟು ಹೋಗಬಾರದಿತ್ತು ಎಂದರು. ದನಿ ಸ್ವಲ್ಪ ನಡುಗಿತು. ಆಮೇಲೆ, "ಸರಿ ಬಂತಾ?" ಎಂದು ಕೇಳಿದರು.

ಇಲ್ಲ, ಇನ್ನೊಂದು ಸಲ ಹೇಳಿ ಅಂದೆ. ಹೇಳಿದರು. ಇನ್ನೂ ಬಂದಿಲ್ಲ ಅಂದೆ. ಮತ್ತೆ ಹೇಳಿದರು. ಹೀಗೆ ಒಲೆಯ ಮೇಲಿಟ್ಟ ನೀರು ಆವಿಯಾಗಿ ಪಾತ್ರೆ ಸೀದುಹೋಗುವ ತನಕ ಹೇಳಿಸಿದೆ.

ಮೊದಲನೆಯ ಸಲವೇ ಸರಿಯಾಗಿ ಬಂದಿತ್ತು, ಗುಂಡ.